ಮೇವಿಸ್ ಹೋಲ್‌ರಾಯ್ಡಳ ಎರಡು ನಿಮಿಷ

ನಮ್ಮ ಕಾಲೇಜಿನ ಕ್ಯಾಂಟೀನಿನಲ್ಲಿ ಚಹಾ ಸುರಿಯುವ ಕೆಲಸಕ್ಕೆ ಸೇರಿದಾಗ ಮೇವಿಸ್ ಹೋಲ್‌ರಾಯ್ಡಳಿಗೆ ಐವತ್ತೊಂಬತ್ತು. ಅದಕ್ಕೆ ಮುಂಚೆ ಇಪ್ಪತ್ತೇಳು ವರ್ಷ ಲ್ಯಾಂಕಾಶೈರ್ ಕಡಲತಡಿಯ ಇದೇ ಊರಲ್ಲಿ ಮನೆಮನೆಗೆ ಅಂಚೆ ಹಂಚಿದವಳು. ಮೊಣಕಾಲು ಕೈಕೊಟ್ಟ ಮೇಲೆ ಚೀಲ ಇಳಿಸಿ ಎರಡು ತಿಂಗಳು ಮನೆಯಲ್ಲಿ ಕೂತು ನೋಡಿದಳಂತೆ, ಆಗಲಿಲ್ಲ. "ಗೋಡೆ ಜೊತೆ ಎಷ್ಟೂಂತ ಮಾತಾಡೋದು? ಒಂದು ಸಲಾನಾದ್ರೂ ಎದುರು ಮಾತಾಡುತ್ತಾ ಅದು?" ಅಂದಿದ್ದಳು ನನ್ನ ಹತ್ತಿರ. ನಾನು ಪಕ್ಕದ ಗ್ರಂಥಾಲಯದವಳು. ಹನ್ನೊಂದು ಗಂಟೆಯ ಚಹಾಕ್ಕೆ ಅಂತ ಹೋದರೆ ಹನ್ನೆರಡಕ್ಕೆ ವಾಪಸ್ ಬರುತ್ತಿದ್ದೆ.

ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕಾಲೇಜಿನ ಆರುನೂರು ಹುಡುಗ ಹುಡುಗಿಯರ ಹೆಸರು ಒಂದೇ ತಿಂಗಳಲ್ಲಿ ಬಾಯಿಪಾಠವಾಗಿತ್ತು ಅವಳಿಗೆ. ಹೆಸರಷ್ಟೇ ಅಲ್ಲ, ಮನೆ ನಂಬರೂ. "ನೀನು ಹದಿನಾಲ್ಕನೇ ನಂಬರ್ ಹಸಿರು ಬಾಗಿಲಿನವನಲ್ವಾ? ನಿಮ್ಮಮ್ಮನಿಗೆ ವಾರಕ್ಕೊಂದು ಬಟ್ಟೆ ಪಾರ್ಸೆಲ್ ಬರ್ತಿತ್ತು, ಎಲ್ಲಾನೂ ವಾಪಸ್ ಕಳಿಸೋಳು!" ಅಂತ ಸಾಲಿನಲ್ಲಿ ಎಲ್ಲರ ಎದುರಿಗೇ ಅನ್ನುವಳು. ಹುಡುಗ ಕೆಂಪಗಾಗಿ ಬಿಸಿ ಆಲೂಗಡ್ಡೆ ಚಿಪ್ಸ್ ಮೇಲೆ ಗ್ರೇವಿ ಹಾಕಿಸಿಕೊಂಡು ಓಡುವನು.

ಎರಡು ಸಾವಿರದ ಎಂಟರ ಫೆಬ್ರವರಿ. ಚಲನಚಿತ್ರದ ತರಗತಿಯ ಮಕ್ಕಳಿಗೆ ಡಕ್ವರ್ತ್ ಮೇಷ್ಟ್ರು ಆ ವರ್ಷದ ಕೆಲಸ ಕೊಟ್ಟಿದ್ದರು. ಒಂದು ಥ್ರಿಲ್ಲರ್ ಚಿತ್ರದ ಶುರುವಿನ ಎರಡು ನಿಮಿಷ ಮಾತ್ರ ತೆಗೆಯಬೇಕು. ಮಿಕ್ಕ ಚಿತ್ರ ಇರುವುದೇ ಇಲ್ಲ. ಆದರೆ ನೋಡಿದವರಿಗೆ ಮಿಕ್ಕದ್ದೂ ಬೇಕು ಅನ್ನಿಸಬೇಕು. ಮೊದಲು ಕಾಗದದ ಮೇಲೆ ಒಂಬತ್ತು ಚೌಕದಲ್ಲಿ ಪ್ರತಿ ದೃಶ್ಯದ ಚಿತ್ರವನ್ನೂ ಬರೆದು ತೋರಿಸಿ ಒಪ್ಪಿಗೆ ಪಡೆಯಬೇಕು.

ಕ್ಯಾಂಟೀನಿನ ಹೀಟರಿನ ಪಕ್ಕದ ಮೇಜಿನಲ್ಲಿ ಇಬ್ಬರು ಆ ಹಾಳೆ ಹರಡಿಕೊಂಡು ಕೂತಿದ್ದರು. ನಿರ್ದೇಶನ ಮಾಡುವವಳು ಬೆಥನ್, ಮೂರು ಜನಕ್ಕಾಗುವಷ್ಟು ಹಟದ ಹುಡುಗಿ. ಕ್ಯಾಮೆರಾ ಹಿಡಿಯುವವನು ಕೀರನ್, ಮಾತಿಗಿಂತ ತಿನ್ನುವುದಕ್ಕೇ ಜಾಸ್ತಿ ಬಾಯಿ ತೆರೆಯುವವನು. ಮೇಜು ಒರೆಸಲು ಬಂದ ಮೇವಿಸ್ ಹಾಳೆಯ ಮೇಲೆ ಬಗ್ಗಿದಳು.

"ಇದ್ಯಾರು, ಸ್ನಾನಕ್ಕೆ ಹೊರಟ ಸನ್ಯಾಸಿನಾ?"

"ಕೊಲೆಗಾರ. ಮುಸುಕು ಹಾಕ್ಕೊಂಡಿದಾನೆ. ಕಾಡಲ್ಲಿ ಒಬ್ಬಳನ್ನ ಅಟ್ಟಿಸ್ಕೊಂಡು ಹೋಗ್ತಾನೆ," ಅಂದಳು ಬೆಥನ್, ಸಿಟ್ಟಿನಿಂದ.

"ಪಾಪ, ಚಳಿಗಾಲದಲ್ಲಿ ಇಬ್ಬರಿಗೂ ನೆಗಡಿಯಾಗುತ್ತೆ," ಅಂದು ಮೇವಿಸ್ ಹೋದಳು.

ಮಧ್ಯಾಹ್ನ ಡಕ್ವರ್ತ್ ಮೇಷ್ಟ್ರು ಆ ಹಾಳೆಗೆ ಅಡ್ಡಗೆರೆ ಎಳೆದರು. "ಈ ವರ್ಷ ಇದು ಏಳನೇ ಕಾಡು. ಕಾಡು ಬೇಡ, ಮುಸುಕು ಬೇಡ, ರಕ್ತ ಅಂತ ಟೊಮೇಟೊ ಸಾಸು ಬೇಡ. ನಿಮಗೆ ಗೊತ್ತಿರೋ ಯಾವುದಾದ್ರೂ ಭಯ ತನ್ನಿ." ಬೆಥನ್ ವಾಪಸ್ ಬಂದು ಅದೇ ಮೇಜಿನ ಮೇಲೆ ಹಣೆ ಇಟ್ಟಳು. ಕೀರನ್ ಅವಳ ಪಾಲಿನ ಟೋಸ್ಟನ್ನೂ ತಿಂದ.

ಮೇವಿಸ್ ಕೇಳದೆಯೇ ಚಹಾ ತಂದಿಟ್ಟು ಕುರ್ಚಿ ಎಳೆದು ಕೂತಳು. ಬೆಥನ್ ತಲೆ ಎತ್ತದೆ ಕೇಳಿದಳು. "ಮೇವಿಸ್, ಅಷ್ಟು ವರ್ಷ ಒಬ್ಬರೇ ಓಡಾಡಿದೀರಲ್ಲ, ಯಾವತ್ತಾದ್ರೂ ಭಯ ಆಗಿದೆಯಾ? ಕತ್ತಲಲ್ಲಿ?"

"ಕತ್ತಲಲ್ಲಿ ಏನು ಭಯ, ಮರೀ? ಎಲ್ಲರೂ ಮಲಗಿರ್ತಾರೆ. ನಂಗೆ ಭಯ ಆಗಿದ್ದು ಬೆಳಿಗ್ಗೆ ಹತ್ತೂಕಾಲಿಗೆ. ಒಳ್ಳೆ ಬಿಸಿಲು."

ಅವಳು ಹೇಳಿದ್ದು ಎಂಟ್‌ವಿಸಲ್ ಎಂಬ ಮುದುಕನ ಕಥೆ. ದಿನಾ ಕಿಟಕಿಯಲ್ಲಿ ನಿಂತು ಕೈಬೀಸುವವನು ಒಂದು ದಿನ ಇರಲಿಲ್ಲ. ಹಿಂದಿನ ದಿನ ಅಂಚೆ ಹಾಕಲೆಂದೇ ಬಾಗಿಲಿನಲ್ಲಿರುವ ಸೀಳಿನಲ್ಲಿ ತೂರಿಸಿದ್ದ ಕಾಗದ ಅರ್ಧ ಹೊರಗೆ ಹಾಗೇ ಇತ್ತು. "ಏನೂ ಆಗಿಲ್ಲ, ನೋಡು. ರಸ್ತೇಲಿ ಹಕ್ಕಿ ಕೂಗ್ತಿತ್ತು, ಪಕ್ಕದ ಮನೇಲಿ ರೇಡಿಯೋ. ಆ ಕಾಗದ ಒಂದು ನಾಲಿಗೆ ಥರ ಹೊರಗೆ ಚಾಚ್ಕೊಂಡಿತ್ತು. ನನ್ನ ಕಾಲು ಅಲ್ಲೇ ನಿಂತುಬಿಡ್ತು."

"ಸತ್ತಿದ್ರಾ?" ಅಂದ ಕೀರನ್, ಆಸೆಯಿಂದ.

"ನಿನ್ನ ಮುಖ ನೋಡು! ಸತ್ತಿದ್ರೆ ಹಬ್ಬ ಮಾಡ್ತಿದ್ದೆಯೇನೋ. ಇಲ್ಲಪ್ಪ. ಅಡುಗೆಮನೇಲಿ ಬಿದ್ದು ಸೊಂಟ ಮುರ್ಕೊಂಡಿದ್ರು. ಪಕ್ಕದವನನ್ನ ಕರೆದು ಕಿಟಕಿ ಒಡೆಸಿ ಒಳಗೆ ಹೋದ್ರೆ, ನೆಲದ ಮೇಲಿಂದಾನೇ ಕೇಳ್ತಾರೆ, 'ಮೇವಿಸ್, ನಂಗೇನಾದ್ರೂ ಕಾಗದ ಬಂತಾ?' ಅಂತ. ಆಮೇಲೆ ಎಂಟು ವರ್ಷ ಬದುಕಿದ್ರು ಪುಣ್ಯಾತ್ಮ."

ಮೂವರೂ ನಕ್ಕರು. ಇದ್ದಕ್ಕಿದ್ದಂತೆ ಬೆಥನ್ ನಗು ನಿಲ್ಲಿಸಿದಳು. "ಒಂದು ನಿಮಿಷ. ಮನೇಲಿ ಯಾರೂ ಇಲ್ಲ ಅಂತ ಊರಿಗೆಲ್ಲ ಗೊತ್ತು. ನೀವು ಕಾಗದ ಒಳಗೆ ಹಾಕ್ತೀರಿ. ಅದು ಮೆಲ್ಲಗೆ ವಾಪಸ್ ಹೊರಗೆ ಬರುತ್ತೆ."

ಮೇವಿಸಳ ಕೈಯ ಒರೆಸುಬಟ್ಟೆ ನಿಂತುಹೋಯಿತು. "ಅಯ್ಯಪ್ಪಾ," ಅಂದಳು. "ನೋಡು ನನ್ನ ತೋಳು, ಕೂದಲು ನಿಂತಿದೆ."

ಆ ವಾರವೆಲ್ಲ ಹೀಟರಿನ ಪಕ್ಕದ ಮೇಜೇ ಅವರ ಕಚೇರಿ. ಹೊಸ ಹಾಳೆಯ ಒಂಬತ್ತು ಚೌಕದಲ್ಲಿ ಒಂದೊಂದಕ್ಕೂ ಜಗಳ. ಮೊದಲಿನಿಂದಲೇ ಎದೆ ನಡುಗಿಸುವ ಸಂಗೀತ ಬೇಕು ಅಂತ ಕೀರನ್. ಮೇವಿಸ್ ಕೇಳಲಿಲ್ಲ.

"ಸಂಗೀತ ಹಾಕಿದ್ರೆ ಜನಕ್ಕೆ ಗೊತ್ತಾಗಿಬಿಡುತ್ತೆ, ಬರ್ತಿದೆ ಏನೋ ಅಂತ. ಸುಮ್ನೆ ಅಂಚೆಯವಳ ಬೆಳಿಗ್ಗೆ ತೋರ್ಸು. ಗೇಟು ಕಿರ್ರ್. ಬೂಟು. ಕಾಗದ ಹಾಕಿದ್ರೆ ಬಾಗಿಲ ಸೀಳಿನ ಮುಚ್ಚಳ ಟಪ್ ಅನ್ನುತ್ತೆ. ಮೊದಲನೇ ಮನೆ, ಟಪ್. ಎರಡನೇ ಮನೆ, ಟಪ್. ಮೂರನೇದು, ಟಪ್."

"ನಾಲ್ಕನೇದು?"

"ನಾಲ್ಕನೇ ಮನೇಲಿ ಟಪ್ ಅನ್ನಲ್ಲ."

"ಯಾಕೆ?" ಅಂದ ಕೀರನ್.

"ಒಳಗಿಂದ ಯಾರೋ ಮುಚ್ಚಳ ಹಿಡ್ಕೊಂಡಿದಾರೆ, ದಡ್ಡ!"

ಕೀರನ್ ಬನ್ನು ಕೆಳಗಿಟ್ಟ. ನನಗೆ ಗೊತ್ತಿದ್ದಂತೆ ಅದೇ ಮೊದಲ ಸಲ.

ಡಕ್ವರ್ತ್ ಮೇಷ್ಟ್ರು ಹೊಸ ಹಾಳೆಯನ್ನು ಎರಡು ಸಲ ನೋಡಿದರು. ಆಮೇಲೆ, "ಚಿತ್ರದ ಹೆಸರೇನು?" ಅಂದರು. ಬೆಥನ್, "ಹತ್ತೂಕಾಲು" ಅಂದಳು. ಹೊರಬಂದ ಲಕೋಟೆಯ ಹಿಂದೆ ಪೆನ್ಸಿಲಿನಲ್ಲಿ ಆ ಹೆಸರು ಬರೆದಿರುತ್ತದೆ, ಅದೇ ಕೊನೆಯ ಚೌಕ. ಅವರು ಸಹಿ ಹಾಕಿಕೊಟ್ಟರು.

ಅಂಚೆಯವಳ ಪಾತ್ರಕ್ಕೆ ನಾಟಕ ವಿಭಾಗದ ಒಬ್ಬ ಹುಡುಗಿಯನ್ನು ಗೊತ್ತುಮಾಡಿದ್ದರು. ಗೇಟು ತೆರೆಯುವುದು ಹೇಗೆಂದು ತೋರಿಸಲು ಮೇವಿಸ್ ಕ್ಯಾಂಟೀನಿನ ಕುರ್ಚಿಯೊಂದನ್ನು ಸೊಂಟದಿಂದ ತಳ್ಳಿ, ನೋಡದೆಯೇ ಬೆರಳಲ್ಲಿ ಕಾಗದ ಬೇರ್ಪಡಿಸುತ್ತ ನಡೆದಳು. ಬೆಥನ್ ಆ ಹುಡುಗಿಗೆ ಆಗಲೇ ಫೋನ್ ಮಾಡಿ ಕ್ಷಮೆ ಕೇಳಿದಳು.

"ನಾನಾ? ತೆರೆ ಮೇಲೆ ನನ್ನ ಮುಖ ನೋಡಿದ್ರೆ ಜನ ಕುರ್ಚಿ ಬಿಟ್ಟು ಓಡ್ತಾರೆ!" ಅಂದಳು ಮೇವಿಸ್.

"ಥ್ರಿಲ್ಲರ್ ಅಲ್ವಾ, ಅದೇ ಬೇಕಾಗಿರೋದು," ಅಂದ ಕೀರನ್. ಬೆನ್ನಿಗೆ ಒಂದು ಗುದ್ದು ತಿಂದ.

ಶನಿವಾರ ಬೆಳಿಗ್ಗೆ ಮೇವಿಸಳ ಬೀದಿಯಲ್ಲೇ ಚಿತ್ರೀಕರಣ. ನಾಲ್ಕನೇ ಮನೆ ಅವಳದೇ. ಒಳಗಿಂದ ಕಾಗದ ತಳ್ಳುವ ಕೈ ನನ್ನದು. ಸಪೂರ ಬೆರಳು ಅಂತ ಆರಿಸಿದ್ದರಂತೆ. ಆ ಬೀದಿಯ ಬಾಗಿಲುಗಳಲ್ಲಿ ಸೀಳು ನೆಲದಿಂದ ಒಂದು ಗೇಣು ಎತ್ತರದಲ್ಲಿದೆ, ಹಾಗಾಗಿ ನಾನು ಚಾಪೆಯ ಮೇಲೆ ಬೋರಲು ಮಲಗಬೇಕಾಯಿತು. ಮೊದಲ ಸಲ ಎದುರುಮನೆಯಾಕೆ ಬಾಗಿಲು ತೆರೆದು, "ಏ ಮೇವಿಸ್, ಮತ್ತೆ ಕೆಲಸಕ್ಕೆ ಸೇರಿದ್ಯಾ? ನನ್ನ ಪಾರ್ಸೆಲ್ ಎಲ್ಲಿ?" ಅಂತ ಕೂಗಿದಳು. ಎರಡನೇ ಸಲ ಕಡಲಹಕ್ಕಿಯೊಂದು ಕ್ಯಾಮೆರಾ ಚೀಲದಿಂದ ಕೀರನ್‌ನ ಬುತ್ತಿಯನ್ನೇ ಎತ್ತಿಕೊಂಡು ಹಾರಿತು. ಆಮೇಲಿನ ಆರು ಸಲ ತಪ್ಪು ಮೇವಿಸಳದೇ. ಲಕೋಟೆ ಹೊರಗೆ ಬಂದ ಕೂಡಲೇ ಹೆದರಬೇಕಾದವಳು ಪಕಪಕ ನಗುವಳು. "ಏನ್ಮಾಡ್ಲಿ, ಆ ಕಡೆ ಇವಳು ಸೀಲ್ ಪ್ರಾಣಿ ಥರ ಬಿದ್ಕೊಂಡಿರೋದು ಕಣ್ಣಿಗೆ ಬರುತ್ತೆ!"

ಬೆಥನ್ ಹಿಂಬಾಗಿಲಿನಿಂದ ಬಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ಈ ಸಲ ಕೂಡಲೇ ಕಾಗದ ತಳ್ಳಬೇಡಿ. ಮುಚ್ಚಳ ಹಿಡ್ಕೊಂಡು ಸುಮ್ನೆ ಇರಿ. ನಾನು ಭುಜ ಮುಟ್ಟಿದಾಗ ತಳ್ಳಿ."

ಹೊರಗೆ ಗೇಟು ಕಿರ್ರ್ ಅಂದಿತು. ಕಾಗದ ಬಂತು. ನಾನು ಮುಚ್ಚಳ ಹಿಡಿದೆ. ಟಪ್ ಅನ್ನಲಿಲ್ಲ. ಕಾಗದವೂ ಹೊರಗೆ ಹೋಗಲಿಲ್ಲ. ಅವಳು ಕಾದಳು. ಸೀಳಿನ ಸಂದಿಯಲ್ಲಿ ಅವಳ ಬೂಟು ಮಾತ್ರ ಕಾಣುತ್ತಿತ್ತು. ಅದು ಅರ್ಧ ಹೆಜ್ಜೆ ಹಿಂದೆ ಸರಿಯಿತು, ಆಮೇಲೆ ಮುಂದೆ ಬಂತು. "ಯಾರಾದ್ರೂ ಇದೀರಾ?" ಅಂದಳು. ಅದು ಯಾವ ಚೌಕದಲ್ಲೂ ಇಲ್ಲದ ಮಾತು. ನಗುವ ಮೇವಿಸಳ ದನಿಯೂ ಅದಲ್ಲ, ಎಷ್ಟೋ ವರ್ಷದ ಹಿಂದೆ ಆ ಮುದುಕನ ಬಾಗಿಲಲ್ಲಿ ನಿಂತವಳದ್ದು. ಬೆಥನ್ ನನ್ನ ಭುಜ ಮುಟ್ಟಿದಳು. ನಾನು ತಳ್ಳಿದೆ.

ಹೊರಗಿಂದ ಕೀರನ್ ಕೂಗಿದ. "ಸಿಕ್ತು! ಸಿಕ್ಕೇಬಿಡ್ತು!"

ಮೇವಿಸ್ ಒಳಗೆ ಬಂದು ನಮ್ಮಿಬ್ಬರನ್ನೂ ಬಾಯಿಗೆ ಬಂದಂತೆ ಬೈದಳು. ಬೈದು ಮುಗಿಸಿ, ಬೆಥನ್‌ಳನ್ನು ತಬ್ಬಿಕೊಂಡು, "ಕಳ್ಳಿ, ಒಳ್ಳೆ ಕೆಲಸ ಕಲ್ತಿದೀಯ," ಅಂದಳು.

ಮಾರ್ಚಿನಲ್ಲಿ ಕಾಲೇಜಿನ ಸಭಾಂಗಣದಲ್ಲಿ ಎಲ್ಲರ ಚಿತ್ರಗಳನ್ನೂ ತೋರಿಸಿದರು. ಹನ್ನೊಂದು ಚಿತ್ರ. ಮೇಷ್ಟ್ರು ಅಷ್ಟು ಹೇಳಿದ್ದರೂ ಐದರಲ್ಲಿ ಕಾಡು. ಮೇವಿಸ್ ಕೂದಲು ಸೆಟ್ ಮಾಡಿಸಿಕೊಂಡು, ನೀಲಿ ಕೋಟು ಹಾಕಿಕೊಂಡು ಬಂದು, ನನ್ನ ಕೈಯನ್ನು ಹಿಂಡುತ್ತ ಕೂತಿದ್ದಳು. "ಹತ್ತೂಕಾಲು" ಶುರುವಾಯಿತು. ಟಪ್. ಟಪ್. ಟಪ್. ನಾಲ್ಕನೇ ಬಾಗಿಲಿಗೆ ಬಂದಾಗ ಹಿಂದೆ ಯಾರೋ ಚಿಪ್ಸ್ ಪೊಟ್ಟಣ ಪರಪರ ಅನ್ನಿಸುತ್ತಿದ್ದವರೂ ನಿಲ್ಲಿಸಿದರು. ಲಕೋಟೆ ಮೆಲ್ಲಗೆ ಹೊರಗೆ ಬಂತು. ಮೂರನೇ ಸಾಲಿನಲ್ಲಿ ಯಾರದೋ ಅಪ್ಪ ತಡೆಯಲಾರದೆ ಎದ್ದುನಿಂತು, "ಓಡು ಮೇವಿಸ್, ಓಡು!" ಅಂತ ಕೂಗಿಬಿಟ್ಟ. ಸಭಾಂಗಣ ನಕ್ಕಿತು, ಆಮೇಲೆ ಚಪ್ಪಾಳೆ ಬಿದ್ದೇ ಬಿತ್ತು. ಮೇವಿಸ್ ಅತ್ತಳು. ಕೇಳಿದರೆ, "ಹೇರ್ ಸ್ಪ್ರೇ ಕಣ್ಣಿಗೆ ಹೋಯ್ತು," ಅಂದಳು.

ಬೆಥನ್, ಕೀರನ್ ಇಬ್ಬರಿಗೂ ತರಗತಿಯಲ್ಲೇ ಮೇಲಿನ ಅಂಕ ಬಂದವು. ಆದರೆ ಮೇವಿಸಳಿಗೆ ಬಂದ ಪಾಡೇ ಬೇರೆ. ಚಿತ್ರ ಇದ್ದದ್ದೇ ಎರಡು ನಿಮಿಷ. ಊರಿನವರಿಗೆ ಅದು ತಿಳಿಯಬೇಕಲ್ಲ? ಬಸ್ಸಿನಲ್ಲಿ, ಮಾಂಸದಂಗಡಿಯಲ್ಲಿ, ಚಹಾದ ಸಾಲಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ. "ಮೇವಿಸ್, ಒಳಗೆ ಯಾರಿದ್ರು?" ಅವಳು ಚಹಾದ ಪಾತ್ರೆ ಕೆಳಗಿಟ್ಟು, ಮುಂಗೈ ಮೇಜಿಗೊರಗಿಸಿ, ಸೋಮವಾರ ಒಬ್ಬನಿಗೆ ಒಂದು ಕಥೆ, ಮಂಗಳವಾರ ಇನ್ನೊಬ್ಬಳಿಗೆ ಇನ್ನೊಂದು ಕಥೆ ಹೇಳತೊಡಗಿದಳು. ಸಾಲು ಬಾಗಿಲಿನಾಚೆ ಬೆಳೆಯಿತು. ಚಹಾ ಆರಿತು. ಯಾರೂ ಗೊಣಗಲಿಲ್ಲ. ಹಿಂದೆ ನಿಂತವರು, "ಸ್ವಲ್ಪ ಜೋರಾಗಿ ಹೇಳಿ, ಇಲ್ಲಿಗೆ ಕೇಳಿಸ್ತಿಲ್ಲ!" ಅಂತ ಕೂಗುತ್ತಿದ್ದರು, ಅಷ್ಟೇ.