ಗಂಟಿಲ್ಲದ ಸರ

ನಮ್ಮೂರಿನ ರೋಜಾ ಮೊಹಲ್ಲಾದ ಓಣಿಯಲ್ಲಿ ಮುತ್ತು ಪೋಣಿಸುತ್ತಿದ್ದ ಆ ಮುದುಕರನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ರೇಷ್ಮೆದಾರದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಒಂದೊಂದು ಮುತ್ತಿಗೂ ಒಂದೊಂದು ಗಂಟು ಹಾಕಿ, ಅದನ್ನು ಉಗುರಿನಿಂದ ಮುತ್ತಿನ ಬುಡಕ್ಕೆ ಒತ್ತುತ್ತಿದ್ದರು. ಹೊತ್ತಾಯಿತೆಂದು ನಾನು ಅವಸರ ಮಾಡಿದರೆ ಅವರದು ಒಂದೇ ಮಾತು: “ಗಂಟ್ ಇದ್ರ, ದಾರ ಹರದ್ರೂ ಒಂದೇ ಮುತ್ತು ಹೋಗ್ತದ, ಬೇಟಿ. ಉಳದವು ಉಳೀತಾವ.”

ನಿಜಾಮನ ರಾಜ್ಯಕ್ಕೆ ಭಾರತದ ಸೈನ್ಯ ನುಗ್ಗಿ ಪೊಲೀಸ್ ಆಕ್ಷನ್ ಆದ ವರ್ಷ, ಕಮಲಾಪುರದಲ್ಲಿದ್ದ ಮಗಳ ಮನೆಗೆ ಹೋದ ಚಾಚಾ ಒಬ್ಬರೇ ತಿರುಗಿ ಬಂದರು. ಆಗ ಎದ್ದ ಗಲಭೆಯಲ್ಲಿ ಮಗಳು, ಅಳಿಯ, ಮೊಮ್ಮಕ್ಕಳು ಯಾರೂ ಉಳಿದಿಲ್ಲವೆಂದು ಓಣಿಯವರು ಪಿಸುಗುಟ್ಟಿದರು. ಚಾಚಾರನ್ನೇ ಕೇಳುವ ಮುಖ ನಮಗಿರಲಿಲ್ಲ.

ಮತ್ತೆ ಅಂಗಡಿ ತೆರೆದಾಗ ನನ್ನ ಮದುವೆಯ ಸರವನ್ನು ಹೊಸದಾಗಿ ಪೋಣಿಸಲು ಕೊಟ್ಟೆ. ಮನೆಗೆ ತಂದ ವಾರದೊಳಗೆ ಅದು ಹರಿದು, ಮುತ್ತೆಲ್ಲ ಅಡುಗೆಮನೆಯ ನೆಲದ ತುಂಬ ಚೆಲ್ಲಿಹೋಯಿತು. ದಾರದಲ್ಲಿ ಒಂದೂ ಗಂಟಿರಲಿಲ್ಲ. ಮುತ್ತುಗಳನ್ನೂ ದಾರವನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಸಿಟ್ಟಿನಿಂದಲೇ ಹೋದೆ.

“ಗಂಟೇ ಹಾಕಿಲ್ಲಲ್ರೀ, ಚಾಚಾ. ಮರತ್ರೇನು?”

ಅವರು ಬರಿದಾರವನ್ನು ಬೆರಳಿಗೆ ಸುತ್ತಿಕೊಂಡರು.

“ಮರತಿಲ್ಲ, ಬೇಟಿ,” ಎಂದರು. “ಎಲ್ಲಾ ಹೋಗಿ ಒಂದೇ ಉಳೀತಂದ್ರ, ಆ ಒಂದು ಏನ್ ಮಾಡ್ಬೇಕು? ಹೋದ್ರ ಎಲ್ಲಾ ಕೂಡೇ ಹೋಗ್ಲಿ.”