ಒಂದು ವರ್ಷ ಕಡಿಮೆ

ಅಮೆರಿಕದ ವರ್ಜೀನಿಯಾದಲ್ಲಿ, ನಮ್ಮ ಶ್ಯಾಂಟಿಲಿಯ ಆಫೀಸುಗಳಲ್ಲಿ ಒಂದು ಪದ್ಧತಿ ಇದೆ. ಊರಿನವರಿಗೆ ಎಷ್ಟು ಬಿಡಿಸಿ ಹೇಳಿದರೂ ನಂಬುವುದಿಲ್ಲ. ಸರ್ಕಾರದ ಕೆಲಸವನ್ನು ಯಾವುದೋ ಒಂದು ಕಂಪನಿ ಗುತ್ತಿಗೆ ಹಿಡಿದಿರುತ್ತದೆ. ಕೆಲವು ವರ್ಷಗಳಾದ ಮೇಲೆ ಆ ಗುತ್ತಿಗೆ ಇನ್ನೊಂದು ಕಂಪನಿಯ ಪಾಲಾಗುತ್ತದೆ. ಹೊಸ ಕಂಪನಿ ಹಳೆಯ ಜನರನ್ನೇ ಹೆಚ್ಚುಕಡಿಮೆ ಹಾಗೆಯೇ ಇಟ್ಟುಕೊಳ್ಳುತ್ತದೆ. ಶುಕ್ರವಾರ ಒಂದು ಬ್ಯಾಡ್ಜ್ ಬಿಚ್ಚಿಕೊಟ್ಟು ಮನೆಗೆ ಹೋದವರು ಸೋಮವಾರ ಇನ್ನೊಂದು ಬ್ಯಾಡ್ಜ್ ಕೊರಳಿಗೆ ಹಾಕಿಕೊಂಡು ಅದೇ ಕುರ್ಚಿಯಲ್ಲಿ ಬಂದು ಕೂರುತ್ತಾರೆ. ಅದೇ ಕಂಪ್ಯೂಟರು, ಅದೇ ಕಾಫಿ ಮಗ್ಗು, ಕಿಟಕಿಯಾಚೆ ಡಲ್ಲಸ್ ನಿಲ್ದಾಣಕ್ಕೆ ಇಳಿಯುವ ಅವೇ ವಿಮಾನಗಳು. ನಾನು ಹೀಗೆ ಎರಡು ಸಲ ಬ್ಯಾಡ್ಜ್ ಬದಲಿಸಿದ್ದೆ. ಮೂರನೆಯ ಸಲ ಸಿಕ್ಕಿಬಿದ್ದೆ.

ನನ್ನದು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. 2008ರ ಆರ್ಥಿಕ ಕುಸಿತದ ಮರುವರ್ಷ, ಯಾರಿಗೂ ಕೆಲಸ ಸಿಗದಿದ್ದ ಕಾಲದಲ್ಲಿ, ತೀರಾ ಕೆಳಗಿನ ಜಾಗಕ್ಕೆ ಸೇರಿದ್ದೆ. ಆಮೇಲೆ ಮೆಲ್ಲಗೆ ಮೇಲೇರಿ ಆ ತಂಡಕ್ಕೆ ಲೀಡ್ ಆದೆ. ಅಂಥ ದೊಡ್ಡ ಪಟ್ಟವೇನಲ್ಲ. ಆದರೂ ಬೆಳಗಿನ ಮೀಟಿಂಗಿನಲ್ಲಿ ಎಲ್ಲರೂ ನನ್ನ ಮುಖ ನೋಡಿ ಮಾತು ಶುರುಮಾಡುತ್ತಿದ್ದರು. ಅದು ನನಗೆ ಬೇಕಾಗಿತ್ತು. ಸಂಕೋಚವಿಲ್ಲದೆ ಹೇಳುತ್ತೇನೆ, ಬಹಳ ಬೇಕಾಗಿತ್ತು.

ಮೂರನೆಯ ಗುತ್ತಿಗೆಯಲ್ಲಿ ಹೊಸ ಷರತ್ತು ಸೇರಿಕೊಂಡಿತ್ತು. ಲೀಡ್ ಆದವರಿಗೆ ಪದವಿ ಇರಲೇಬೇಕು, ಅನುಭವವನ್ನು ಅದರ ಬದಲಿಗೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನಗೇನು ಹೆದರಿಕೆ? ಧಾರವಾಡದ ಬಿ.ಎಸ್ಸಿ., ಅದೂ ಫಸ್ಟ್ ಕ್ಲಾಸು. ಪರದೇಶದ ಪದವಿಗಳನ್ನು ತೂಗಿ ಬೆಲೆ ಕಟ್ಟುವ ಸಂಸ್ಥೆಯೊಂದಕ್ಕೆ ಅಂಕಪಟ್ಟಿಗಳನ್ನು ಕಳಿಸಿ ನಿಶ್ಚಿಂತೆಯಿಂದ ಕೂತೆ. ಉತ್ತರ ಬಂತು. ನನ್ನ ಬಿ.ಎಸ್ಸಿ. ಎಂದರೆ ಅಮೆರಿಕದ ಕಾಲೇಜಿನಲ್ಲಿ ಮೂರು ವರ್ಷದ ಓದಿಗೆ ಸಮ. ಪದವಿಗೆ ಸಮವಲ್ಲ, ಓದಿಗೆ ಸಮ. ಇಲ್ಲಿ ಪದವಿ ಎಂದರೆ ನಾಲ್ಕು ವರ್ಷ. ಊರಿಗೆ ಟಿಕೆಟ್ ತೆಗೆಸಿ ಒಂದು ಸ್ಟಾಪು ಮೊದಲೇ ಇಳಿದುಬಿಟ್ಟವಳ ಲೆಕ್ಕಕ್ಕೆ ನನ್ನನ್ನು ಹಾಕಿದ್ದರು.

ಮ್ಯಾನೇಜರ್ ಒಳ್ಳೆಯವನು. ಬಾಗಿಲು ಮುಚ್ಚಿ, ಇದು ನಿನ್ನ ಕೆಲಸದ ಬಗ್ಗೆ ಅಲ್ಲವೇ ಅಲ್ಲ ಎಂದು ಮೂರು ಬಗೆಯಲ್ಲಿ ಹೇಳಿದ. ತಂಡದಲ್ಲೇ ಕೆಳಗಿನ ಜಾಗದಲ್ಲಿ ಉಳಿಯಬಹುದು, ಇಲ್ಲವಾದರೆ ಬೇರೆ ಕಡೆ ನೋಡಿಕೊಳ್ಳಬಹುದು. ಯೋಚಿಸಿ ಹೇಳಲು ಸ್ವಲ್ಪ ಕಾಲಾವಕಾಶ ಕೊಟ್ಟ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನಗೆ ತ್ರಾಣವಿರಲಿಲ್ಲ.

ಸಿಟ್ಟು ಮಾಡಿಕೊಂಡವರು ಅಪ್ಪ. ಅವ್ವ ಹೋದ ಮೇಲೆ ಅವರು ಬೇಸಿಗೆಗೆ ನಮ್ಮ ಮನೆಗೆ ಬಂದಿರುತ್ತಿದ್ದರು. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು, ಕಾಯಿದೆ ಕಾನೂನು ಎಂದರೆ ಅವರಿಗೆ ಪಂಚಪ್ರಾಣ. ವಿಷಯ ಕೇಳಿದ್ದೇ ತಡ, ಕೈಯಲ್ಲಿದ್ದ ಮಜ್ಜಿಗೆ ಲೋಟವನ್ನು ಕುಕ್ಕಿದರು.

"ಧಾರವಾಡದ ಡಿಗ್ರಿಗೆ ಕಿಮ್ಮತ್ತಿಲ್ಲ ಅಂತಾರೇನು? ಯಾಂವ ಅವ ಹೇಳಾಂವ? ಕೇಸ್ ಹಾಕವಾ. ಇಷ್ಟು ದೊಡ್ಡ ದೇಶದಾಗ ಇದಕ್ಕೊಂದು ಕಾನೂನು ಇಲ್ಲೇನು?"

"ಇರಬೇಕಪ್ಪಾ, ಕೇಳತೀನಿ," ಎಂದೆ.

ಕೇಳಿದ್ದು ನಮ್ಮ ಪರಿಚಯದವರ ಮಗಳನ್ನು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಭಾನುವಾರದ ಕನ್ನಡ ತರಗತಿಯಲ್ಲಿ ನನ್ನೆದುರು ಕೂತು ಅ ಆ ಇ ಈ ತಿದ್ದಿದವಳು, ಈಗ ನೌಕರರ ಪರ ವಾದಿಸುವ ವಕೀಲೆ. ಫೇರ್‌ಫ್ಯಾಕ್ಸ್‌ನ ಒಂದು ಕಾಫಿ ಅಂಗಡಿಯಲ್ಲಿ ಭೇಟಿಯಾದೆವು. ಕಾಗದಗಳನ್ನೆಲ್ಲ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಆಂಟಿ, ಐ ಆ್ಯಮ್ ಸೋ ಸಾರಿ. ಯಾವ ಕಾರಣಕ್ಕೆ ಭೇದ ಮಾಡಬಾರದು ಅಂತ ಲಾದಲ್ಲಿ ಒಂದು ಲಿಸ್ಟ್ ಇದೆ. ರೇಸ್, ಕಲರ್, ರಿಲಿಜನ್, ಹೆಂಗಸು ಗಂಡಸು, ಯಾವ ದೇಶ, ಏಜ್, ಡಿಸೆಬಿಲಿಟಿ. ಎಜುಕೇಶನ್ ಇಲ್ಲ. ಡಿಗ್ರಿ ಕೇಳೋದು ಇಲ್ಲೀಗಲ್ ಅಲ್ಲ."

"ಎಲ್ಲೂ ಇಲ್ವಾ?"

"ನದಿ ದಾಟಿ ವಾಷಿಂಗ್ಟನ್ ಡಿ.ಸಿ.ಗೆ ಹೋದ್ರೆ ಒಂದು ಲಾ ಇದೆ. ಈಗ ಕಾಲೇಜಲ್ಲಿ ಓದ್ತಾ ಇರೋ ಸ್ಟೂಡೆಂಟ್ಸ್‌ನ ಪ್ರೊಟೆಕ್ಟ್ ಮಾಡುತ್ತೆ. ಓದಿ ಮುಗಿಸಿದವರನ್ನ ಅಲ್ಲ."

ನನಗೆ ನಗು ಬಂತು. ಓದುತ್ತಿರುವವರೆಗೆ ಕಾಪಾಡಿ, ಮುಗಿಸಿದ ದಿನ ಕೈಬಿಡುವ ಕಾನೂನು. ಅವಳೂ ನಕ್ಕಳು. ಆಮೇಲೆ, ಇನ್ನೊಂದು ದಾರಿ ಇದೆ, ಕಷ್ಟದ ದಾರಿ ಎಂದಳು. ಕಂಪನಿಯ ನಿಯಮ ಎಲ್ಲರಿಗೂ ಒಂದೇ ಎಂದು ಕಂಡರೂ, ಒಂದು ದೇಶದಿಂದ ಬಂದವರಿಗೇ ಅದರ ಏಟು ಹೆಚ್ಚು ಬೀಳುತ್ತಿದ್ದರೆ, ಕೆಲಸಕ್ಕೂ ಆ ನಿಯಮಕ್ಕೂ ಸಂಬಂಧವಿಲ್ಲದಿದ್ದರೆ, ಆಗ ನ್ಯಾಯಾಲಯ ಕೇಳೀತು. ನನ್ನ ಎದೆ ಒಮ್ಮೆ ಹಗುರಾಯಿತು. ಇದೇ ತಾನೇ ನನ್ನ ಕಥೆ! ಮೂರು ವರ್ಷದ ಪದವಿ ನಮ್ಮ ಕಡೆಯವರದ್ದೇ ಅಲ್ಲವೇ?

ಅವಳು ಕಾಫಿ ಕಲಕುತ್ತ, "ಅಂಕಲ್ ಏನು ಓದಿದಾರೆ ಆಂಟಿ?" ಎಂದು ಕೇಳಿದಳು.

"ಬಿ.ಇ. ಹುಬ್ಬಳ್ಳಿಯಲ್ಲಿ."

"ನಾಲ್ಕು ವರ್ಷ?"

"ಹೂಂ."

"ಅವರ ಡಿಗ್ರಿ ಯಾರಾದ್ರೂ ಕ್ವೆಶ್ಚನ್ ಮಾಡಿದಾರಾ?"

ಇಲ್ಲ. ಯಾರೂ, ಯಾವತ್ತೂ ಮಾಡಿರಲಿಲ್ಲ. ಅವಳು ಮುಂದೆ ಹೇಳುವುದೇ ಬೇಕಿರಲಿಲ್ಲ. ನಮ್ಮ ಆಫೀಸಿನಲ್ಲಿ ನನ್ನ ಆಚೀಚೆ ಕೂತ ಭಾರತದವರೆಲ್ಲ ಎಂಜಿನಿಯರುಗಳೇ. ದೇಶದ ಕಾರಣಕ್ಕೆ ನನ್ನನ್ನು ಕೆಳಗಿಳಿಸಿದರು ಎಂದು ನಾನು ವಾದಿಸಿದರೆ, ಅದೇ ದೇಶದ, ಅದೇ ಜಿಲ್ಲೆಯ, ನನ್ನದೇ ಮನೆಯ ಒಬ್ಬರನ್ನು ಕಂಪನಿಯ ವಕೀಲರು ಬೆರಳು ಮಾಡಿ ತೋರಿಸಬಹುದಾಗಿತ್ತು. ಸಂಜೆ ಗಂಡನಿಗೆ ಹೇಳಿದೆ.

"ಹಂಗಾದ್ರ ನಾನ ಎದುರ ಪಾರ್ಟಿ ಸಾಕ್ಷಿ ಆದೆ ಅನ್ನು," ಎಂದು ಚೇಷ್ಟೆ ಮಾಡಿದರು. ನನ್ನ ಮುಖ ನೋಡಿ, ಎದ್ದು ಚಹಾಕ್ಕೆ ನೀರಿಟ್ಟರು. ಅವರ ತಪ್ಪೇನಿತ್ತು? ಅವರ ಮನೆಯಲ್ಲಿ ಓದಿಸಿದರು, ಅವರು ಓದಿದರು.

ಆದರೆ ಆ ಓದಿಸುವ ಮಾತನ್ನೇ ನಾನು ಅಂದು ಕಾಫಿ ಅಂಗಡಿಯಿಂದ ಮನೆಗೆ ಡ್ರೈವ್ ಮಾಡುವಾಗ ಯೋಚಿಸುತ್ತ ಬಂದಿದ್ದೆ. ರೂಟ್ ಫಿಫ್ಟಿಯ ಮೇಲೆ ಕಾರುಗಳು ಕದಲುತ್ತಿರಲಿಲ್ಲ. ವಕೀಲೆ ಹೇಳಿದ ಲಿಸ್ಟು ತಲೆಯಲ್ಲಿ ಸುತ್ತುತ್ತಿತ್ತು. ಹೆಂಗಸು ಗಂಡಸು ಎಂಬುದು ಆ ಲಿಸ್ಟಿನಲ್ಲಿತ್ತಲ್ಲ. ಹೆಣ್ಣೆಂದು ಆಫೀಸಿನಲ್ಲಿ ನಿಮಗೆ ಯಾರಾದರೂ ಏನಾದರೂ ಅಂದಿದ್ದಾರಾ ಎಂದು ಅವಳು ಕೇಳಿದ್ದಳು. ಆಫೀಸಿನಲ್ಲಿ ಯಾರೂ ಅಂದಿರಲಿಲ್ಲ.

ಅಂದದ್ದು ಧಾರವಾಡದ ನಮ್ಮ ಪಡಸಾಲೆಯಲ್ಲಿ. ಆಗ ನನಗೆ ಹದಿನೇಳು ತುಂಬಿತ್ತು. ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು, ಹುಬ್ಬಳ್ಳಿಯಲ್ಲೇ. ಅಪ್ಪ ನನ್ನನ್ನು ಹತ್ತಿರ ಕೂರಿಸಿಕೊಂಡು, ಎಷ್ಟು ಪ್ರೀತಿಯಿಂದ ಹೇಳಿದ್ದರು: "ನಾಕು ವರ್ಷ ಅಂದ್ರ ಭಾಳ ಆತವಾ. ಬಿ.ಎಸ್ಸಿ. ಆದ್ರ ಮೂರ ವರ್ಷಕ್ಕ ಮುಗೀತದ. ಅಷ್ಟರಾಗ ಛಲೋ ವರ ಬಂದ್ರ ಬಿಡಲಿಕ್ಕಾಗೂದಿಲ್ಲ. ನಮಗ ಸ್ವಲ್ಪ ಅವಸರ ಅದ." ಎರಡು ವರ್ಷದ ಹಿಂದೆ ಅಣ್ಣನಿಗೆ ಅದೇ ಕಾಲೇಜಿನಲ್ಲಿ ಸೀಟು ಸಿಕ್ಕಾಗ ಪೇಢೆ ಹಂಚಿದ್ದ ಮನೆ ಅದು. ಛಲೋ ವರ ಬಂತು, ಮದುವೆಯೂ ಆಯಿತು. ಲಗ್ನಪತ್ರಿಕೆಯ ಪ್ರೂಫಿನಲ್ಲಿ ನನ್ನ ಹೆಸರಿನ ಮುಂದೆ ಬಿ.ಎಸ್ಸಿ. ಬಿಟ್ಟುಹೋಗಿದೆ ಎಂದು ಅಪ್ಪ ಬಿಸಿಲಲ್ಲಿ ಪ್ರೆಸ್ಸಿಗೆ ಹೋಗಿ ಜಗಳ ಮಾಡಿ ಹಾಕಿಸಿಕೊಂಡು ಬಂದಿದ್ದರು. ಅಂಥ ಮನುಷ್ಯನ ಮೇಲೆ ಯಾವ ದೇಶದ ಯಾವ ಕೋರ್ಟಿನಲ್ಲಿ ಕೇಸು ಹಾಕಲಿ? ನನಗೆ ಸಿಟ್ಟು ಬಂದಿತ್ತು. ಅಪ್ಪನ ಮೇಲೆ, ನೇರವಾಗಿ ಅಪ್ಪನ ಮೇಲೆಯೇ. ಬಂದ ಸಿಟ್ಟು ಇಡಲು ಜಾಗ ಸಿಗದೆ ಅದೂ ದಣಿವಾಗಿ ಇಳಿಯಿತು.

ಮರುವಾರ ಕೆಳಗಿನ ಜಾಗಕ್ಕೆ ಒಪ್ಪಿಕೊಂಡೆ. ಬೇರೆ ಕಡೆಯೂ ಇದೇ ಪ್ರಶ್ನೆ ಬರುತ್ತದೆ ಎಂದು ಗೊತ್ತಿತ್ತು. ಹೊಸ ಲೀಡ್ ಬಂದ. ಬೆಳಗಿನ ಮೀಟಿಂಗಿನಲ್ಲಿ ಎಲ್ಲರೂ ಅಭ್ಯಾಸಬಲದಿಂದ ಮೊದಲು ನನ್ನ ಕಡೆ ತಿರುಗಿ, ಆಮೇಲೆ ಅವನ ಕಡೆ ತಿರುಗುತ್ತಿದ್ದರು. ಸ್ವಲ್ಪ ದಿನದಲ್ಲಿ ಅದೂ ನಿಂತಿತು.

ಮನೆಯಲ್ಲಿ ಮಾತ್ರ ಅಪ್ಪ ಬಿಡಲೊಲ್ಲರು. ವಾಕಿಂಗ್ ಮುಗಿಸಿ ಬಂದೊಡನೆ ಕೇಸು ಏನಾಯಿತು ಎಂಬ ವಿಚಾರಣೆ. ಏನೇನೋ ಹೇಳಿ ತಪ್ಪಿಸಿಕೊಂಡೆ. ಒಂದು ದಿನ ಆಗಲಿಲ್ಲ.

"ಕೇಸು ನಿಲ್ಲೂದಿಲ್ಲಪ್ಪಾ. ಡಿಗ್ರಿ ಧಾರವಾಡದ್ದು ಅಂತ ಅಲ್ಲ. ಹುಬ್ಬಳ್ಳಿ ಬಿ.ಇ. ನಡೀತದ ಇವರಿಗೆ. ನಂದು ಒಂದು ವರ್ಷ ಕಡಿಮಿ, ಅಷ್ಟ."

ಅಪ್ಪ ಕಾಲಿನ ಬೂಟು ಬಿಚ್ಚುತ್ತ ಬಹಳ ಹೊತ್ತು ಬಗ್ಗಿಯೇ ಕೂತಿದ್ದರು. ಆಮೇಲೆ ಕೇಸಿನ ಮಾತು ಅವರ ಬಾಯಲ್ಲಿ ಬರಲಿಲ್ಲ. ನಾನೂ ಹಳೆಯದನ್ನು ಎತ್ತಲಿಲ್ಲ. ಹೇಳಬೇಕಾದ್ದನ್ನು ಹೇಳಿಯಾಗಿತ್ತು.

ಅದಾಗಿ ಎರಡು ಬೇಸಿಗೆ ಕಳೆದ ಮೇಲಿನ ಮಾತು. ಮಗಳು ಕಾಲೇಜಿಗೆ ಹೊರಟು ನಿಂತಿದ್ದಳು. ಹೈಸ್ಕೂಲಿನಲ್ಲಿದ್ದಾಗಲೇ ಕಾಲೇಜು ಮಟ್ಟದ ಪರೀಕ್ಷೆಗಳನ್ನು ಪಾಸು ಮಾಡಿದ್ದಳು. ಅವನ್ನೆಲ್ಲ ಹಿಡಿದರೆ ಅವಳಿಗೆ ಮೂರೇ ವರ್ಷಕ್ಕೆ ಪದವಿ ಮುಗಿಯುತ್ತಿತ್ತು. ಅದು ಪೂರ್ತಿ ಪದವಿಯೇ, ಯಾರೂ ತೂಕಕ್ಕೆ ಹಾಕುವುದಿಲ್ಲ. ಒಂದು ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ಅವಳು ಅಜ್ಜನ ಪಕ್ಕದಲ್ಲಿ ಕೂತು ಇದನ್ನೇ ವಿವರಿಸುತ್ತಿದ್ದಳು.

"ಅಜ್ಜಾ, ಮೂರು ವರ್ಷ ಸಾಕು. ಐ ಕ್ಯಾನ್ ಸೇವ್ ಅ ಹೋಲ್ ಇಯರ್!"

"ಬ್ಯಾಡ," ಎಂದರು ಅಪ್ಪ.

"ಬಟ್ ವೈ? ಇಟ್ಸ್ ದ ಸೇಮ್ ಡಿಗ್ರಿ, ಅಜ್ಜಾ."

"ಇರವಲ್ಲದ್ಯಾಕ. ನಾಕೂ ವರ್ಷ ಓದು. ಒಂದು ವರ್ಷ ಉಳಿಸಿ ಏನು ಮಾಡತೀ?" ಅಪ್ಪನ ದನಿ ಸಣ್ಣಗಾಯಿತು. "ಅವಸರ ಏನದ ನಿನಗ?"

ಅವರು ನನ್ನ ಕಡೆ ತಿರುಗಲಿಲ್ಲ. ಮಗಳಿಗೆ ಏನೂ ಅರ್ಥವಾಗದೆ, "ಓಕೆ, ಓಕೆ, ನೋ ಅವಸರ," ಎಂದು ನಗುತ್ತಿದ್ದಳು. ಹದಿನೇಳರ ವಯಸ್ಸಿನಲ್ಲಿ ಆ ಪಡಸಾಲೆಯಲ್ಲಿ ಕೂತು ನಾನು ಅಪ್ಪನ ಬಾಯಿಂದ ಕೇಳಬೇಕೆಂದುಕೊಂಡಿದ್ದು ಇದೊಂದೇ ಮಾತು. ಹಂಚಿನ ಮೇಲಿನ ರೊಟ್ಟಿ ಮಗುಚುವುದನ್ನೂ ಮರೆತು ಹಾಗೇ ನಿಂತಿದ್ದೆ. ಸೀದ ವಾಸನೆಗೆ ಅಪ್ಪನೇ ಎದ್ದು ಬಂದು ಒಲೆ ಆರಿಸಿದರು.