ಮುಳುಗಿದ ಹಡಗಿನ ಫಿರಂಗಿ

ಎರಡನೇ ಮಹಾಯುದ್ಧದಲ್ಲಿ ಮುಳುಗಿದ ಹಡಗೊಂದನ್ನು ನೋಡಲು ನಾನು ಶ್ರೀಲಂಕಾದ ಕಡಲಿಗೆ ಇಳಿಯುವವಳಿದ್ದೆ. ಡೈವಿಂಗ್ ಕಲಿಸಿ ಜೊತೆಗೆ ಬಂದಿದ್ದವನು ಮಲ್ಪೆಯವನು.

"ಚಿತ್ರದುರ್ಗದಲ್ಲಿ ಕಡಲೇ ಇಲ್ವಲ್ಲ ಅಕ್ಕ, ಹೆದ್ರಿಕೆ ಆಗುದಿಲ್ವಾ?" ಎಂದ.

"ಬಾವಿ ಅವೆ ಕಣಪ್ಪ, ಅದ್ರಾಗೇ ಈಜು ಕಲ್ತಿದ್ದು. ನಡಿ, ಹೋಗಾಣ" ಎಂದೆ.

ಹಡಗು ಕಣ್ಣಿಗೆ ಬೀಳುವ ಹೊತ್ತಿಗೆ ನನ್ನ ಮಾಸ್ಕಿನೊಳಗೆ ನೀರು ನುಗ್ಗಿತು. ಮೇಲಕ್ಕೆ ಹೋಗೋಣವೆಂದು ಅವನು ಹೆಬ್ಬೆರಳೆತ್ತಿ ಸನ್ನೆ ಮಾಡಿದ. ನಾನು ಒಲ್ಲೆನೆಂದು ತಲೆಯಾಡಿಸಿದೆ. ಅವನು ಕಲಿಸಿದಂತೆ ಮೂಗಿನಿಂದ ಜೋರಾಗಿ ಉಸಿರು ಬಿಟ್ಟು ನೀರನ್ನೆಲ್ಲ ಹೊರದಬ್ಬಿದೆ. ಎದುರಿಗೇ ಫಿರಂಗಿ! ಅದರ ಬಾಯಿಂದ ಮೀನೊಂದು ಇಣುಕುತ್ತಿತ್ತು. ಮುಟ್ಟಿದೆ. ಕುಣಿಯುವಷ್ಟು ಖುಷಿಯಾಯಿತು.

ದಡಕ್ಕೆ ಬಂದವಳೇ ಚಿತ್ರದುರ್ಗದ ಪಕ್ಕದ ಮದಕರಿಪುರದಲ್ಲಿದ್ದ ಅವ್ವನಿಗೆ ಫೋನ್ ಮಾಡಿ, "ಅವ್ವಾ, ಕಡಲ ತಳದಲ್ಲಿ ಫಿರಂಗಿ ಮುಟ್ಟಿ ಬಂದೆ!" ಎಂದು ಕೂಗಿದೆ.

"ಅದಕ್ಕೆ ಅಷ್ಟು ದೂರ ಹೋಗ್ಬೇಕಿತ್ತೇನೆ?" ಅಂದಳು ಅವ್ವ. "ನಮ್ಮ ಕೋಟೇಲೇ ಐತಲ್ಲ!"